ತಾರೀಖು ಕೇಳಬೇಡಿ, ವರದಿ ಕೇಳಿ

"ಗಗನಯಾನ ಯಾವಾಗ ಹಾರುತ್ತೆ?"

ಹೈಸ್ಕೂಲು ಮಕ್ಕಳಿಂದ ಹಿಡಿದು ಐಟಿಐ ಮುಗಿಸಿ ಗ್ಯಾರೇಜಿನಲ್ಲಿ ದುಡಿಯುವ ಹುಡುಗರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಂದು ತಾರೀಖು ಹಾಕುತ್ತಾರೆ. ಇನ್ನೊಬ್ಬರು ಅದು ಮುಂದಕ್ಕೆ ಹೋಯಿತು ಅನ್ನುತ್ತಾರೆ. ಮೂರನೆಯವರು ಅಳುಮುಖದ ಚಿತ್ರ ಹಾಕುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯಿತು.

ನಾವು ಹೇಳುವುದು ಇಷ್ಟೇ: ಇದು ತಪ್ಪು ಪ್ರಶ್ನೆ. ಮನುಷ್ಯರು ಕೂರಬೇಕಾದ ಗಗನನೌಕೆಯ ಪರೀಕ್ಷೆಗೆ ಕಾಯುವವರು ಕೇಳಬೇಕಾದ್ದು ಯಾವಾಗ ಎಂದಲ್ಲ. ಹಾರಿದ ಮೇಲೆ ಏನೇನು ಕೆಲಸ ಮಾಡಿತು, ಏನು ಕೈಕೊಟ್ಟಿತು, ಅದಕ್ಕೆ ಏನು ಮಾಡಿದಿರಿ ಎಂದು ಕೇಳಬೇಕು. ಮೊದಲ ಪ್ರಶ್ನೆಯಿಂದ ಅವಸರ ಹುಟ್ಟುತ್ತದೆ. ಎರಡನೆಯದರಿಂದ ಜೀವ ಉಳಿಯುತ್ತದೆ.

ಕಾಯುವವರ ಮೇಲೆ ನಮಗೆ ಸಿಟ್ಟಿಲ್ಲ. ಡೇಟಾ ಪ್ಯಾಕ್ ಉಳಿಸಿಕೊಂಡು ಉಡಾವಣೆ ನೋಡುವ ಮಕ್ಕಳು ನಮ್ಮ ತಾಲ್ಲೂಕುಗಳಲ್ಲಿ ಇದ್ದಾರೆ. ಎಲ್‌ವಿಎಂ3 ರಾಕೆಟ್ಟಿನ ಎರಡು ಪಕ್ಕದಲ್ಲಿರುವ ದಪ್ಪ ಬೂಸ್ಟರಿಗೆ ಎಸ್200 ಅನ್ನುತ್ತಾರೆ, ಒಂದೊಂದರಲ್ಲಿ ಸುಮಾರು 200 ಟನ್ ಘನ ಇಂಧನ ಇರುತ್ತದೆ ಎಂದು ಬಾಯಿಪಾಠ ಹೇಳುತ್ತಾರೆ. ಶ್ರೀಹರಿಕೋಟಾದಲ್ಲಿ 2019ರಿಂದ ಜನ ಕೂತು ನೋಡುವ ಗ್ಯಾಲರಿ ಇದೆ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ರಾತ್ರಿ ರೈಲು ಹತ್ತಿ ಹೋಗುವವರೂ ಇದ್ದಾರೆ. ಅಲ್ಲಿಗೆ ಹೋದ ಮೇಲೆ ಉಡಾವಣೆ ಮುಂದಕ್ಕೆ ಹೋದರೆ ಬೇಜಾರಾಗುವುದು ಸಹಜ. ಕೂಲಿ ಬಿಟ್ಟು, ರಜೆ ಹಾಕಿ ಹೋದವರಿಗೆ ಅದು ನಿಜವಾದ ನಷ್ಟವೇ.

ನಮ್ಮ ಸಿಟ್ಟು ಇವರ ಪ್ರೀತಿಯನ್ನು ಬಂಡವಾಳ ಮಾಡಿಕೊಂಡು ತಾರೀಖಿನ ವ್ಯಾಪಾರ ಮಾಡುವವರ ಮೇಲೆ.

ಪರೀಕ್ಷೆ ಅಂದರೆ ಜಾತ್ರೆಯಲ್ಲ

ಮೊದಲು ಈ ಪರೀಕ್ಷೆ ಏನು ಎಂದು ನೋಡೋಣ. ಗಗನಯಾನದ ಗುರಿ ಮೂವರನ್ನು ಸುಮಾರು 400 ಕಿಲೋಮೀಟರ್ ಎತ್ತರದ ಕಕ್ಷೆಗೆ ಕಳಿಸಿ, ಮೂರು ದಿನ ಇರಿಸಿ, ಸಮುದ್ರದಲ್ಲಿ ಇಳಿಸುವುದು. ಅದಕ್ಕೂ ಮೊದಲು ಜನರಿಲ್ಲದ ನೌಕೆ ಹೋಗಬೇಕು. ಜಿ1 ಎಂದು ಹೆಸರಿಟ್ಟಿರುವ ಮೊದಲ ಹಾರಾಟದಲ್ಲಿ ವ್ಯೋಮಮಿತ್ರ ಎಂಬ ಹೆಣ್ಣು ರೂಪದ ರೋಬೋ ಕೂರುತ್ತದೆ. ಎಲ್ಲರೂ ತಾರೀಖು ಕೇಳುತ್ತಿರುವುದು ಇದಕ್ಕೇ.

ಆದರೆ ಪರೀಕ್ಷೆಗಳು ಶುರುವಾಗಿ ಬಹಳ ವರ್ಷ ಆಯಿತು. 2014ರ ಡಿಸೆಂಬರ್ 18ರಂದು ಖಾಲಿ ನೌಕೆಯ ಮಾದರಿಯೊಂದನ್ನು ಸುಮಾರು 126 ಕಿಲೋಮೀಟರ್ ಮೇಲಕ್ಕೆ ಒಯ್ದು ಅಂಡಮಾನ್ ಕಡೆಯ ಸಮುದ್ರಕ್ಕೆ ಇಳಿಸಿದ್ದರು. 2018ರ ಜುಲೈ 5ರಂದು ಉಡಾವಣಾ ಕಟ್ಟೆಯ ಮೇಲೇ ಅಪಾಯವಾದರೆ ನೌಕೆಯನ್ನು ಕಿತ್ತು ದೂರ ಒಯ್ಯುವ ವ್ಯವಸ್ಥೆಯ ಪರೀಕ್ಷೆ ನಡೆಯಿತು. 2025ರ ಆಗಸ್ಟ್ 24ರಂದು ಸುಮಾರು ಐದು ಟನ್ ತೂಕದ ಡಮ್ಮಿ ನೌಕೆಯನ್ನು ಚಿನೂಕ್ ಹೆಲಿಕಾಪ್ಟರ್‌ನಲ್ಲಿ ಮೂರು ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟು, ಪ್ಯಾರಾಚೂಟುಗಳು ಸರಿಯಾಗಿ ಬಿಚ್ಚಿಕೊಳ್ಳುತ್ತವೆಯೇ ಎಂದು ನೋಡಿದರು. ಈ ನೌಕೆಗೆ ಒಟ್ಟು ಹತ್ತು ಪ್ಯಾರಾಚೂಟು. ಕೊನೆಯಲ್ಲಿ ಬಿಚ್ಚುವ ದೊಡ್ಡವು ಮೂರು. ಅವುಗಳಲ್ಲಿ ಒಂದು ಕೈಕೊಟ್ಟರೂ ಉಳಿದ ಎರಡು ಸಾಕಾಗಬೇಕು ಎಂಬುದು ಲೆಕ್ಕ.

ಇವುಗಳಲ್ಲಿ ಎಷ್ಟು ನಿಮ್ಮ ಫೋನಿಗೆ ಸುದ್ದಿಯಾಗಿ ಬಂದವು? ಬಂದಿದ್ದರೆ ಎಷ್ಟು ಸಾಲು ಬಂದವು?

ಪರೀಕ್ಷೆಯ ದಿನ ನಮ್ಮಂಥ ಜಿಲ್ಲಾ ಸ್ಟ್ರಿಂಗರ್‌ಗಳಿಗೆ ಡೆಸ್ಕಿನಿಂದ ಬರುವ ಬೇಡಿಕೆ ಒಂದೇ ಬಗೆಯದು: ದೇವಸ್ಥಾನದಲ್ಲಿ ಪೂಜೆ ಮಾಡಿಸುತ್ತಿರುವವರ ಎರಡು ಬೈಟು, ಬಾವುಟ ಹಿಡಿದ ಮಕ್ಕಳ ಒಂದು ಷಾಟು. ಪೂಜೆ ಮಾಡುವವರ ಭಕ್ತಿಯನ್ನು ನಾವು ಹೀಗಳೆಯುವುದಿಲ್ಲ. ಆದರೆ ಅದೇ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿ ಪ್ಯಾರಾಚೂಟು ಒಂದೇ ಸಲ ಬಿಚ್ಚದೆ ಹಂತ ಹಂತವಾಗಿ ಯಾಕೆ ಬಿಚ್ಚುತ್ತದೆ ಎಂದು ವಿವರಿಸಿದರೆ ಆ ಬೈಟು ಹೋಗುವುದಿಲ್ಲ. ಅವಳು ಕೂಗಬೇಕು, ಕುಣಿಯಬೇಕು. ಹಳ್ಳಿಯವರೆಂದರೆ ಚಪ್ಪಾಳೆ ತಟ್ಟುವವರು, ತಿಳಿಯುವವರಲ್ಲ ಎಂದು ಯಾರೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಈ ತೀರ್ಮಾನವನ್ನು ನಾವು ಒಪ್ಪುವುದಿಲ್ಲ.

ಐದು ಸೆಕೆಂಡಿಗೆ ನಿಂತದ್ದು

2023ರ ಅಕ್ಟೋಬರ್ 21. ಗಗನಯಾನದ ಟಿವಿ-ಡಿ1 ಪರೀಕ್ಷೆ. ರಾಕೆಟ್ ಹಾರುತ್ತಿರುವಾಗ ಅಪಾಯವಾದರೆ ನೌಕೆಯನ್ನು ಬೇರ್ಪಡಿಸಿ ಪಾರು ಮಾಡಬಹುದೇ ಎಂದು ನೋಡುವ ಪರೀಕ್ಷೆ ಅದು. ಬೆಳಿಗ್ಗೆ 8 ಗಂಟೆಗೆ ಇದ್ದದ್ದು ಹವಾಮಾನದಿಂದ 8.30ಕ್ಕೆ, ಆಮೇಲೆ 8.45ಕ್ಕೆ ಹೋಯಿತು. ಕೌಂಟ್‌ಡೌನ್ ಇಳಿದು ಇಳಿದು ಐದು ಸೆಕೆಂಡಿಗೆ ಬಂದು ನಿಂತುಬಿಟ್ಟಿತು. ಎಂಜಿನ್ ಹೊತ್ತಿಕೊಳ್ಳುವ ಕ್ರಮ ಸರಿಯಾಗಿ ನಡೆಯಲಿಲ್ಲವೆಂದು ಉಡಾವಣೆಯ ಕಂಪ್ಯೂಟರ್ ತಾನೇ ತಡೆಯಿತು.

ಇಂಥ ಹೊತ್ತಿನಲ್ಲಿ ನಮ್ಮ ಪರದೆಗಳ ಮೇಲೆ ಮೂಡುವ ಪದಗಳು ನಿಮಗೆ ಗೊತ್ತು. ವಿಘ್ನ. ಹಿನ್ನಡೆ. ನಿರಾಸೆ. ಆಘಾತ.

ತೇರಿನ ದಿನವನ್ನು ನೆನಪು ಮಾಡಿಕೊಳ್ಳಿ. ಸಾವಿರ ಜನ ಹಗ್ಗ ಹಿಡಿದು ಎಳೆಯುತ್ತಿರುತ್ತಾರೆ. ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ಒಬ್ಬ ನಡೆಯುತ್ತಿರುತ್ತಾನೆ. ತೇರು ವಾಲುತ್ತಿದೆ ಅನ್ನಿಸಿದ ಕೂಡಲೇ ಆ ತುಂಡನ್ನು ಗಾಲಿಗೆ ಕೊಟ್ಟು ನಿಲ್ಲಿಸುತ್ತಾನೆ. ಆಗ ಯಾರೂ "ತೇರಿಗೆ ಹಿನ್ನಡೆ" ಎಂದು ಕೂಗುವುದಿಲ್ಲ. ಅವನು ಅಲ್ಲಿರುವುದೇ ನಿಲ್ಲಿಸುವುದಕ್ಕೆ. ಅವನಿಲ್ಲದ ತೇರನ್ನು ಬುದ್ಧಿ ಇರುವ ಯಾವ ಊರೂ ಎಳೆಯುವುದಿಲ್ಲ. ಶ್ರೀಹರಿಕೋಟಾದಲ್ಲಿ ಅವತ್ತು ಕಂಪ್ಯೂಟರ್ ಮಾಡಿದ್ದು ಇದೇ ಕೆಲಸ.

ತಂಡದವರು ಕಾರಣ ಹುಡುಕಿ, ಸರಿಪಡಿಸಿ, ಅದೇ ದಿನ 10 ಗಂಟೆಗೆ ರಾಕೆಟ್ ಹಾರಿಸಿದರು. ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ ಪಾರುಮಾಡುವ ವ್ಯವಸ್ಥೆ ನೌಕೆಯನ್ನು ಬೇರ್ಪಡಿಸಿತು. ಪ್ಯಾರಾಚೂಟು ಬಿಚ್ಚಿದವು. ತೀರದಿಂದ ಸುಮಾರು 10 ಕಿಲೋಮೀಟರ್ ದೂರದ ನೀರಿಗೆ ನೌಕೆ ಇಳಿಯಿತು. ನೌಕಾಪಡೆಯವರು ಎತ್ತಿ ತಂದರು. ಅಲ್ಲಿಗೆ ಟಿವಿಯಲ್ಲಿ ಪಟಾಕಿ ಹೊಡೆದರು.

ಪಟಾಕಿಯ ಸದ್ದಿನಲ್ಲಿ ಒಂದು ಸಂಗತಿ ಕೇಳಿಸದೇ ಹೋಯಿತು. ನೌಕಾಪಡೆಯ ಮುಳುಗುಗಾರರು ಹತ್ತಿರ ಹೋದಾಗ ನೌಕೆ ನೀರಿನಲ್ಲಿ ತಲೆಕೆಳಗಾಗಿ ತೇಲುತ್ತಿತ್ತು. ಮಗುಚಿದ ನೌಕೆಯನ್ನು ನೆಟ್ಟಗೆ ಮಾಡುವ ವ್ಯವಸ್ಥೆಯನ್ನು ಆ ಪರೀಕ್ಷೆಯ ನೌಕೆಗೆ ಹಾಕಿರಲಿಲ್ಲ. ಇದು ನಾಚಿಕೆಪಡುವ ವಿಷಯವಲ್ಲ, ಮುಚ್ಚಿಡುವ ವಿಷಯವೂ ಅಲ್ಲ. ಒಳಗೆ ಮೂವರು ಬೆಲ್ಟ್ ಕಟ್ಟಿಕೊಂಡು ಕೂತಿದ್ದರೆ ತಲೆಕೆಳಗಾಗಿ ಎಷ್ಟು ಹೊತ್ತು ನೇತಾಡಬೇಕಿತ್ತು? ನಮ್ಮ ಪ್ರಕಾರ ಅವತ್ತಿನ ಬಹುದೊಡ್ಡ ಪ್ರಶ್ನೆ ಇದು. ಪರೀಕ್ಷೆ ಮಾಡುವುದೇ ಇಂಥ ಪ್ರಶ್ನೆ ಎದ್ದು ಬರಲಿ ಎಂದು.

ತಾರೀಖು ಕೊಂದವರು

ತಾರೀಖಿನ ಹಿಂದೆ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ದೇಶಗಳು ಹೆಣ ಹೊತ್ತು ಪಾಠ ಕಲಿತಿವೆ.

1967ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟ ಸೋಯುಜ್ 1 ನೌಕೆಯಲ್ಲಿ ವ್ಲಾದಿಮಿರ್ ಕೊಮರೋವ್ ಅವರನ್ನು ಕಳಿಸಿತು. ಜನರಿಲ್ಲದ ಹಿಂದಿನ ಪರೀಕ್ಷೆಗಳಲ್ಲಿ ದೋಷಗಳು ಕಂಡಿದ್ದವು. ಆದರೂ ಕಳಿಸಿದರು. ಇಳಿಯುವಾಗ ಮುಖ್ಯ ಪ್ಯಾರಾಚೂಟು ಬಿಚ್ಚಲಿಲ್ಲ. ಕೊಮರೋವ್ ಉಳಿಯಲಿಲ್ಲ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಹಾರಿದ 73 ಸೆಕೆಂಡಿನಲ್ಲಿ ಛಿದ್ರವಾಯಿತು. ಏಳು ಜನ ಸತ್ತರು. ಅವರಲ್ಲಿ ಒಬ್ಬರು ಶಾಲೆಯ ಟೀಚರ್. ಚಳಿಗೆ ಬೂಸ್ಟರಿನ ರಬ್ಬರ್ ಉಂಗುರ ಗಡುಸಾಗುತ್ತದೆ, ನಾಳೆ ಹಾರಿಸುವುದು ಬೇಡ ಎಂದು ಬೂಸ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಹೇಳಿದ್ದರು. ಆ ಉಡಾವಣೆ ಅದಾಗಲೇ ಹಲವು ಸಲ ಮುಂದಕ್ಕೆ ಹೋಗಿತ್ತು. ಮೇಲಿನವರು ಎಂಜಿನಿಯರುಗಳ ಮಾತು ಕೇಳಲಿಲ್ಲ.

2003ರ ಫೆಬ್ರವರಿ 1ರಂದು ಕೊಲಂಬಿಯಾ. ನಮ್ಮ ಕಲ್ಪನಾ ಚಾವ್ಲಾ ಇದ್ದ ನೌಕೆ. ಉಡಾವಣೆಯ ಹೊತ್ತಿನಲ್ಲಿ ಕಳಚಿದ ಫೋಮಿನ ತುಂಡು ಎಡ ರೆಕ್ಕೆಗೆ ಬಡಿದಿತ್ತು. ತನಿಖಾ ಮಂಡಳಿಯ ವರದಿ ಅದೇ ವರ್ಷ ಆಗಸ್ಟ್‌ನಲ್ಲಿ ಹೊರಬಂತು. ಫೋಮ್ ಎಷ್ಟು ಕಾರಣವೋ ನಾಸಾದ ಒಳಗಿನ ರೀತಿನೀತಿಯೂ ಅಷ್ಟೇ ಕಾರಣ ಎಂದು ಅದು ಮುಚ್ಚುಮರೆ ಇಲ್ಲದೆ ಬರೆಯಿತು. ವೇಳಾಪಟ್ಟಿಯ ಒತ್ತಡವನ್ನೂ ಎತ್ತಿ ತೋರಿಸಿತು. ಆ ವರದಿಯನ್ನು ಇವತ್ತಿಗೂ ಯಾರು ಬೇಕಾದರೂ ಓದಬಹುದು.

ಈಗ ಇನ್ನೊಂದು ಬಗೆಯ ಕತೆ ನೋಡಿ. 2024ರ ಜೂನ್‌ನಲ್ಲಿ ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ನೌಕೆಯ ಪರೀಕ್ಷಾ ಹಾರಾಟಕ್ಕೆ ಹೋದರು. ಹೀಲಿಯಂ ಸೋರಿತು, ಹಲವು ಥ್ರಸ್ಟರ್‌ಗಳು ಕೈಕೊಟ್ಟವು. ನಾಸಾ ತಿಂಗಳುಗಟ್ಟಲೆ ಅಳೆದು ಸುರಿದು, ಇಬ್ಬರನ್ನೂ ಮೇಲೇ ಉಳಿಸಿಕೊಂಡು, ಸೆಪ್ಟೆಂಬರ್‌ನಲ್ಲಿ ನೌಕೆಯನ್ನು ಖಾಲಿ ಇಳಿಸಿತು. ಎಂಟು ದಿನಕ್ಕೆಂದು ಹೋದವರು ಬೇರೆ ನೌಕೆಯಲ್ಲಿ 2025ರ ಮಾರ್ಚ್‌ನಲ್ಲಿ ವಾಪಸು ಬಂದರು. ನಮ್ಮ ಚಾನೆಲ್ಲುಗಳಿಗೆ ಅದು "ಸುನಿತಾ ಸಿಕ್ಕಿಬಿದ್ದರು" ಎಂಬ ಕಣ್ಣೀರಿನ ಧಾರಾವಾಹಿ. ನಿಜದಲ್ಲಿ ಅದು ತಾರೀಖನ್ನು ಬಿಟ್ಟುಕೊಟ್ಟು ಇಬ್ಬರ ಜೀವ ಉಳಿಸಿಕೊಂಡ ನಿರ್ಧಾರ. ಖಾಲಿ ನೌಕೆ ಕ್ಷೇಮವಾಗಿಯೇ ಇಳಿಯಿತು, ನಿಜ. ಅದರಿಂದ ನಿರ್ಧಾರ ತಪ್ಪಾಗುವುದಿಲ್ಲ. ಅನುಮಾನ ಇರುವ ಸೇತುವೆ ಮೇಲೆ ಶಾಲೆ ಬಸ್ಸು ಬಿಡುವುದಿಲ್ಲ ಅನ್ನುವವರನ್ನು ಸೇತುವೆ ಬೀಳಲಿಲ್ಲವಲ್ಲ ಎಂದು ಅಣಕಿಸುವುದು ಬುದ್ಧಿವಂತಿಕೆಯಲ್ಲ.

ನಮ್ಮ ಮನೆಯ ಲೆಕ್ಕ

2018ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ 2022ರ ಹೊತ್ತಿಗೆ ಭಾರತೀಯರೊಬ್ಬರು ನಮ್ಮದೇ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗುತ್ತಾರೆ ಎಂದು ಸಾರಿದರು. 2022 ಬಂತು, ಹೋಯಿತು. ಕೊರೊನಾ ಒಂದು ಕಾರಣ. ಕೆಲಸವೇ ಕಷ್ಟದ್ದು ಎಂಬುದು ಇನ್ನೊಂದು.

ಇದಕ್ಕಾಗಿ ಇಸ್ರೋವನ್ನು ಗೇಲಿ ಮಾಡುವವರ ಜೊತೆ ನಾವಿಲ್ಲ. ಕೆಂಪುಕೋಟೆಯ ಮೇಲೆ ಕೊಟ್ಟ ತಾರೀಖು ತಪ್ಪಲಿ, ನೌಕೆ ಸರಿಯಾಗಲಿ ಎಂದು ಇಸ್ರೋದವರು ಕೆಲಸ ಮಾಡಿದ್ದರೆ ಅದು ಹೊಗಳಬೇಕಾದ ಗುಣ.

ಇದೇ ಗುಣ ನಮ್ಮ ರಾಜ್ಯದ ನೆಲದಲ್ಲೂ ಕಂಡಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಓಡುದಾರಿಯಲ್ಲಿ ಇಸ್ರೋ ತನ್ನ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ಇಳಿಸುವ ಪರೀಕ್ಷೆಯನ್ನು ಮೂರು ಸಲ ಮಾಡಿತು: 2023ರ ಏಪ್ರಿಲ್, 2024ರ ಮಾರ್ಚ್, 2024ರ ಜೂನ್. ಮೊದಲ ಸಲವೇ ಸರಿಯಾಗಿ ಇಳಿದಿತ್ತು. ಸಾಕು ಅನ್ನಲಿಲ್ಲ. ಎರಡನೇ ಸಲ ಓಡುದಾರಿಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಮೂರನೇ ಸಲ 500 ಮೀಟರ್ ಪಕ್ಕಕ್ಕೆ, ಜೋರು ಗಾಳಿಯಲ್ಲಿ ಬಿಟ್ಟರು. ಪರೀಕ್ಷೆ ಅಂದರೆ ಇದು. ಗೆದ್ದ ಮೇಲೆ ಇನ್ನೂ ಕಷ್ಟದ ಪ್ರಶ್ನೆಪತ್ರಿಕೆಯನ್ನು ತಾನೇ ಹಾಕಿಕೊಳ್ಳುವುದು.

ಈಗ ನಮ್ಮ ತಕರಾರಿಗೆ ಬರೋಣ.

2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ವಿಫಲವಾಯಿತು. ಮೂರನೇ ಹಂತದಲ್ಲಿ ಒತ್ತಡ ಕುಸಿದು ಉಪಗ್ರಹ ಕೈತಪ್ಪಿತು. ಕಾರಣ ಹುಡುಕಲು ಸಮಿತಿ ಕೂತಿತು. ಅದರ ವರದಿಯನ್ನು ಜನರ ಮುಂದೆ ಇಡಲಿಲ್ಲ. 2026ರ ಜನವರಿ 12ರಂದು ಪಿಎಸ್‌ಎಲ್‌ವಿ-ಸಿ62 ಹಾರಿತು. ಮತ್ತೆ ಮೂರನೇ ಹಂತದಲ್ಲೇ ತೊಂದರೆ. ಮತ್ತೆ ಉಪಗ್ರಹಗಳು ಹೋದವು.

ಎರಡಕ್ಕೂ ಒಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಗಗನಯಾನ ಹಾರುವುದು ಪಿಎಸ್‌ಎಲ್‌ವಿಯಲ್ಲಿ ಅಲ್ಲ, ಎಲ್‌ವಿಎಂ3ರಲ್ಲಿ. ಆ ರಾಕೆಟ್ಟಿನ ದಾಖಲೆ ಚೆನ್ನಾಗಿದೆ, ಚಂದ್ರಯಾನ-3ನ್ನು ಒಯ್ದದ್ದು ಅದೇ. ನಮ್ಮ ಪ್ರಶ್ನೆ ರಾಕೆಟ್ಟಿನದ್ದಲ್ಲ, ಅಭ್ಯಾಸದ್ದು. ಉಪಗ್ರಹ ಹೋದಾಗ ಬಾಯಿ ಮುಚ್ಚಿಕೊಳ್ಳುವುದು ರೂಢಿಯಾದರೆ ಮನುಷ್ಯರು ಕೂರುವ ನೌಕೆಯ ಪರೀಕ್ಷೆಯಲ್ಲಿ ಎಡವಟ್ಟಾದಾಗ ಬಾಯಿ ಬಿಡುತ್ತಾರೆ ಎಂದು ಹೇಗೆ ನಂಬುವುದು?

ಇಸ್ರೋಗೆ ಇದು ಬಾರದ ವಿದ್ಯೆಯೂ ಅಲ್ಲ. 2021ರ ಆಗಸ್ಟ್‌ನಲ್ಲಿ ಜಿಎಸ್‌ಎಲ್‌ವಿ-ಎಫ್10 ವಿಫಲವಾದಾಗ ಕ್ರಯೋಜನಿಕ್ ಹಂತದ ಕವಾಟವೊಂದರ ಸೋರಿಕೆಯಿಂದ ಹೀಗಾಯಿತು ಎಂದು ಸಮಿತಿಯ ತೀರ್ಮಾನವನ್ನು ಅದು ಪ್ರಕಟಿಸಿತ್ತು. 2022ರಲ್ಲಿ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟ ಸೋತಾಗಲೂ ಕಾರಣವನ್ನು ಬಿಡಿಸಿ ಹೇಳಿತ್ತು. ಅದರಿಂದ ದೇಶದ ಮಾನ ಹೋಗಲಿಲ್ಲ. ಎರಡೂ ರಾಕೆಟ್ಟುಗಳು ಆಮೇಲೆ ಸರಿಯಾಗಿ ಹಾರಿದವು. ಹಾಗಾದರೆ ಈಗ ಯಾಕೆ ಮೌನ?

"ದೇಶದ ಗುಟ್ಟು" ಎಂಬ ಉತ್ತರ ಬರುತ್ತದೆ ಎಂದು ಗೊತ್ತು. ಮಾಹಿತಿ ಹಕ್ಕು ಕಾಯ್ದೆಯಲ್ಲೂ ದೇಶದ ವೈಜ್ಞಾನಿಕ ಹಿತಕ್ಕೆ ಧಕ್ಕೆ ತರುವ ಮಾಹಿತಿಗೆ ವಿನಾಯಿತಿ ಇದೆ. ನಾವು ಎಂಜಿನ್ನಿನ ನಕ್ಷೆ ಕೇಳುತ್ತಿಲ್ಲ. ಮೂರು ಸಾಲು ಕೇಳುತ್ತಿದ್ದೇವೆ. ಏನು ಕೆಟ್ಟಿತು? ಯಾಕೆ ಕೆಟ್ಟಿತು? ಏನು ಬದಲಾಯಿಸಿದಿರಿ? 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಗಗನಯಾನ ಕಾರ್ಯಕ್ರಮದ ಒಟ್ಟು ವೆಚ್ಚವನ್ನು 20,193 ಕೋಟಿ ರೂಪಾಯಿಗೆ ಏರಿಸಿತು. ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ನಮಗೆ ಮೂರು ಸಾಲು ಕೇಳುವ ಹಕ್ಕಿಲ್ಲವೇ?

"ನಮ್ಮೂರಿಗೆ ಬಸ್ಸೇ ಇಲ್ಲ"

ಇನ್ನೊಂದು ಕಡೆಯಿಂದಲೂ ಮಾತು ಬರುತ್ತದೆ. ಊರಿಗೆ ಬಸ್ಸಿಲ್ಲ, ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ, ನಿಮಗೆ ಗಗನಯಾನದ ಚಿಂತೆಯೇ ಎಂದು. ಸಿಟ್ಟು ನ್ಯಾಯವಾದದ್ದು. ಆದರೆ ಈ ಎರಡು ವಿಷಯ ಅಷ್ಟು ದೂರದವಲ್ಲ.

ನಮ್ಮೂರುಗಳನ್ನು ಹಾಳು ಮಾಡಿದ್ದೂ ಇದೇ ತಾರೀಖಿನ ರೋಗ. ಓವರ್‌ಹೆಡ್ ಟ್ಯಾಂಕಿಗೆ ನೀರು ತುಂಬಿಸಿ ಸೋರುತ್ತದೆಯೇ ಎಂದು ನೋಡುವ ಮೊದಲೇ ಉದ್ಘಾಟನೆಯ ಕಲ್ಲು ಸಿದ್ಧ. ಶುದ್ಧ ನೀರಿನ ಘಟಕದ ರಿಬ್ಬನ್ ಕತ್ತರಿಸಿದ ಫೋಟೋ ಸಿಗುತ್ತದೆ, ನೀರಿನ ಪರೀಕ್ಷೆಯ ಚೀಟಿ ಸಿಗುವುದಿಲ್ಲ. ರಸ್ತೆಗೆ ಡಾಂಬರು ಬಿದ್ದ ದಿನ ಹಾರ, ಮೊದಲ ಮಳೆಗೆ ಗುಂಡಿ. ಯಾವಾಗ ಎಂದು ಎಲ್ಲರೂ ಕೇಳುತ್ತೇವೆ. ಪರೀಕ್ಷೆ ಆಯಿತೇ, ವರದಿ ಎಲ್ಲಿ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವವರು ಒಬ್ಬರೋ ಇಬ್ಬರೋ. ಅವರಿಗೆ "ತರಲೆ" ಎಂದು ಹೆಸರು ಬೇರೆ.

ಗಗನನೌಕೆಯ ಪರೀಕ್ಷೆಗೆ ಕಾಯುವ ಮಕ್ಕಳು ವರದಿ ಕೇಳುವುದನ್ನು ಕಲಿತರೆ ಅವರು ದೊಡ್ಡವರಾಗಿ ಟ್ಯಾಂಕಿನ ವರದಿಯನ್ನೂ ಕೇಳುತ್ತಾರೆ. ಬಸ್ಸಿಲ್ಲದ ಊರಿಗೆ ಗಗನಯಾನದಿಂದ ಸಿಗಬಹುದಾದ ಲಾಭಗಳಲ್ಲಿ ಇದು ಚಿಕ್ಕದಲ್ಲ.

ಅಂದ ಹಾಗೆ ಈ ವಿದ್ಯೆ ನಮ್ಮ ಹೊಲಗಳಿಂದ ದೂರ ಇಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಪ್ರಯೋಗಕ್ಕೆ ಹೆಸರುಕಾಳು, ಮೆಂತ್ಯ ಜೊತೆಗೆ ಹೋಗಿದ್ದವು. ಆ ಉಡಾವಣೆಯೂ ಹಲವು ಸಲ ಮುಂದಕ್ಕೆ ಹೋಗಿತ್ತು. ಒಂದು ಸಲದ ಕಾರಣ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುತ್ತಿದ್ದದ್ದು. ಸೋರಿಕೆ ಸರಿಪಡಿಸಿದ ಮೇಲೇ ಜೂನ್ 25ರಂದು ಹಾರಿದ್ದು. ಕಾದದ್ದರಿಂದ ಯಾರಿಗೆ ಏನು ನಷ್ಟವಾಯಿತು?

ಉಡಾವಣೆಯ ದಿನ ಏನು ಮಾಡಬೇಕು

ಜಿ1 ಹಾರುವ ದಿನ ಶಾಲೆಯಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ ಸೇರಿ ನೋಡಿ. ಬಾವುಟವೂ ಇರಲಿ, ಜೊತೆಗೆ ಒಂದು ನೋಟ್‌ಬುಕ್ ಇರಲಿ. ಮೇಷ್ಟ್ರುಗಳೇ, ಮಕ್ಕಳಿಗೆ ಈ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದುಕೊಡಿ.

ಮೂರು ದೊಡ್ಡ ಪ್ಯಾರಾಚೂಟುಗಳಲ್ಲಿ ಎಷ್ಟು ಬಿಚ್ಚಿದವು? ನೌಕೆ ನೀರಿಗೆ ಬಿದ್ದಾಗ ನೆಟ್ಟಗಿತ್ತೋ ಮಗುಚಿತ್ತೋ? ಮಗುಚಿದ್ದರೆ ತಾನೇ ನೆಟ್ಟಗಾಯಿತೋ? ನೌಕಾಪಡೆಯವರು ತಲುಪಲು ಎಷ್ಟು ಹೊತ್ತು ಹಿಡಿಯಿತು? ಒಳಗಿನ ಗಾಳಿ, ಶಾಖ ಮನುಷ್ಯ ತಡೆಯುವಷ್ಟೇ ಇತ್ತೋ? ವ್ಯೋಮಮಿತ್ರ ಕೊಟ್ಟ ಲೆಕ್ಕ ಏನು ಹೇಳುತ್ತದೆ?

ಉತ್ತರ ಅವತ್ತೇ ಸಿಗುವುದಿಲ್ಲ. ತಿಂಗಳಾದರೂ ಸಿಗದಿದ್ದರೆ ಇಸ್ರೋಗೆ ಒಂದು ಪೋಸ್ಟ್‌ಕಾರ್ಡ್ ಹಾಕಿ. ಅದರ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. ನಿಮ್ಮ ಸಂಸದರಿಗೂ ಒಂದು ಹಾಕಿ, ಲೋಕಸಭೆಯಲ್ಲಿ ಕೇಳುವುದು ಅವರ ಕೆಲಸ. ನಮ್ಮಂಥ ಸ್ಟ್ರಿಂಗರ್‌ಗಳಿಗೂ ಒಂದು ಪ್ರತಿ ಕಳಿಸಿ. ಬಾವುಟದ ಷಾಟಿನ ಜೊತೆ ನಿಮ್ಮ ಪ್ರಶ್ನೆಯನ್ನೂ ಕಳಿಸುತ್ತೇವೆ. ಡೆಸ್ಕು ಹಾಕದಿದ್ದರೆ ಇಲ್ಲಿ ಹಾಕುತ್ತೇವೆ.

ಒಂದು ವೇಳೆ ಕೌಂಟ್‌ಡೌನ್ ಮತ್ತೆ ಐದಕ್ಕೆ ಬಂದು ನಿಂತರೆ, ಮೂಗು ಮುರಿಯಬೇಡಿ, ಚಾನೆಲ್ ಬದಲಾಯಿಸಬೇಡಿ. ಗಾಲಿಗೆ ಮರದ ತುಂಡು ಕೊಟ್ಟವರಿಗೆ ಚಪ್ಪಾಳೆ ತಟ್ಟಿ, ಮಕ್ಕಳಿಗೆ ಒಂದು ಲೋಟ ಪಾನಕ ಕೊಟ್ಟು ಮನೆಗೆ ಕಳಿಸಿ. ಯಾಕೆ ನಿಂತಿತು ಎಂದು ಮಾರನೇ ದಿನ ಕೇಳಿ.